ಆಯಿಲ್ ಸೋರುವುದು ಒಂದು ಕಡೆ, ಹನಿಯುವುದು ಇನ್ನೊಂದು ಕಡೆ

ಪ್ರಶ್ನೆ: ಇಂಗ್ಲೆಂಡಿನ ರೀಡಿಂಗ್‌ನಲ್ಲಿದ್ದೇನೆ. ನನ್ನದು 1971ರ ಎಂಜಿಬಿ ರೋಡ್‌ಸ್ಟರ್ (ಬ್ರಿಟನ್ನಿನ ಹಳೇ ತೆರೆದ ಸ್ಪೋರ್ಟ್ಸ್ ಕಾರು). ರಾತ್ರಿ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗದ ಕೆಳಗೆ ಅಂಗೈ ಅಗಲ ಆಯಿಲ್ ಬಿದ್ದಿರುತ್ತದೆ. ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಹೋಗಿದೆ, ಎಂಜಿನ್ ಇಳಿಸಬೇಕು ಎನ್ನುತ್ತಾರೆ ಮೆಕ್ಯಾನಿಕ್‌ಗಳು. ಬೇರೆ ದಾರಿ ಇದೆಯೇ?

ಉತ್ತರ: ಇಳಿಸುವ ಮಾತಿಗೆ ಈಗಲೇ ಒಪ್ಪಬೇಡಿ. ಎಂಜಿಬಿಯಲ್ಲಿ ಗೇರ್‌ಬಾಕ್ಸ್ ಒಂದನ್ನೇ ಕೆಳಗಿನಿಂದ ಬಿಚ್ಚಲು ಬರುವುದಿಲ್ಲ, ಎಂಜಿನ್ನನ್ನೇ ಮೇಲೆತ್ತಿ ಹೊರತೆಗೆಯಬೇಕು. ಕೆಲಸ ದೊಡ್ಡದು, ಖರ್ಚೂ ದೊಡ್ಡದು. ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ, ಕ್ಲಚ್ ಇರುವ ಗೂಡು) ಕೆಳಗೆ ಹನಿಯುವ ಆಯಿಲ್ ಎಷ್ಟೋ ಸಲ ಮೇಲಿನಿಂದ ಹರಿದು ಬಂದದ್ದಾಗಿರುತ್ತದೆ.

ಎಂಜಿನ್ ತಣ್ಣಗಿರುವಾಗ ಡಿಸ್ಟ್ರಿಬ್ಯೂಟರ್, ಕಾರ್ಬುರೇಟರ್ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ಡಿಗ್ರೀಸರ್ ಹಾಕಿ ತೊಳೆಯಿರಿ. ಚೆನ್ನಾಗಿ ಒಣಗಿದ ಮೇಲೆ, ಯುವಿ ಡೈಯನ್ನು (ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣ) ಬಾಟಲಿಯ ಮೇಲಿನ ಅಳತೆಯಂತೆ ಎಂಜಿನ್ ಆಯಿಲಿಗೆ ಬೆರೆಸಿ, 15-20 ಕಿ.ಮೀ. ಓಡಿಸಿ ಬನ್ನಿ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ (ಬರೀ ಜಾಕ್ ನಂಬಿ ಕೆಳಗೆ ನುಸುಳಬೇಡಿ) ಯುವಿ ಟಾರ್ಚ್ ಬಿಟ್ಟು ನೋಡಿ. ಹೊಳೆಯುವ ಗೆರೆಯ ತುದಿ ಎಲ್ಲಿಂದ ಶುರುವಾಗಿದೆಯೋ ಸೋರಿಕೆ ಅಲ್ಲಿ. ಈ ಕಾರಿನ ಗೇರ್‌ಬಾಕ್ಸಿಗೂ ಎಂಜಿನ್ನಿನ 20ಡಬ್ಲ್ಯು-50 ಆಯಿಲನ್ನೇ ಹಾಕುವುದರಿಂದ ಬಣ್ಣ, ವಾಸನೆ ನೋಡಿ ಎಂಜಿನ್ ಆಯಿಲೋ ಗೇರ್ ಆಯಿಲೋ ಹೇಳಲಾಗದು. ಡೈ ಎಂಜಿನ್ನಿಗೆ ಮಾತ್ರ ಹಾಕಿರುವುದರಿಂದ ಆ ಅನುಮಾನವೂ ಅಲ್ಲೇ ತೀರುತ್ತದೆ.

ಮೊದಲು ರಾಕರ್ ಕವರ್‌ನ (ಎಂಜಿನ್ ಮೇಲಿನ ತಗಡಿನ ಮುಚ್ಚಳ) ಹಿಂಬದಿಯ ಮೂಲೆ ನೋಡಿ. ಅಲ್ಲಿ ಒಣಗಿದ್ದರೆ ಬ್ಲಾಕಿನ ಬಲಗಡೆ ಹಿಂಬದಿಯಲ್ಲಿರುವ ಆಯಿಲ್ ಪ್ರೆಷರ್ ಪೈಪಿನ ಮತ್ತು ಆಯಿಲ್ ಕೂಲರ್ ಪೈಪಿನ ಜಾಯಿಂಟ್ ನೋಡಿ. ಇವುಗಳಲ್ಲಿ ಪೂರ್ತಿ ಪ್ರೆಷರ್ ಇರುವುದರಿಂದ ಸಣ್ಣ ಬಿರುಕಿದ್ದರೂ ಸಾಕು, ಬೆಲ್ ಹೌಸಿಂಗ್ ತೊಯ್ಯುತ್ತದೆ. ಎಡಗಡೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹಿಂದೆ ಎರಡು ಟ್ಯಾಪೆಟ್ ಕವರ್‌ಗಳಿವೆ (ಬ್ಲಾಕಿನ ಪಕ್ಕದ ತಗಡಿನ ಮುಚ್ಚಳಗಳು). ಆ ಕಾವಿಗೆ ಅಲ್ಲಿನ ಕಾರ್ಕ್ ಗ್ಯಾಸ್ಕೆಟ್ ಗಟ್ಟಿಯಾಗಿ ಕುಗ್ಗುತ್ತದೆ. ನಮ್ಮ ಲೆಕ್ಕದಲ್ಲಿ ಮೊದಲ ಅಪರಾಧಿ ಇದೇ.

ಸೋರುತ್ತಿದೆ ಎಂದು ಟ್ಯಾಪೆಟ್ ಕವರಿನ ಬೋಲ್ಟನ್ನು ಇನ್ನಷ್ಟು ಬಿಗಿದರೆ ತಗಡು ಬಾಗಿ ಸೋರಿಕೆ ಹೆಚ್ಚುತ್ತದೆ. ಕಾರ್ಬುರೇಟರ್, ಮ್ಯಾನಿಫೋಲ್ಡ್ ಬಿಚ್ಚಿ ಕವರ್ ಹೊರತೆಗೆಯಿರಿ. ಗಾಜಿನ ಮೇಲಿಟ್ಟು ಅಂಚು ಸಮವಾಗಿದೆಯೇ ನೋಡಿ, ಬಾಗಿದ್ದರೆ ಮರದ ಸುತ್ತಿಗೆಯಿಂದ ತಟ್ಟಿ ಸರಿಮಾಡಿ. ಹಳೇ ಕಾರ್ಕನ್ನು ಪೂರ್ತಿ ಕೆರೆದು, ಹೊಸದನ್ನು ಕವರ್ ಕಡೆಗೆ ಮಾತ್ರ ಅಂಟಿಸಿ. ಬ್ಲಾಕ್ ಕಡೆಗೆ ತೆಳುವಾಗಿ ಗ್ರೀಸ್ ಸವರಿ. ಬೋಲ್ಟಿನ ರಬ್ಬರ್ ಸೀಲನ್ನೂ ಬದಲಿಸಿ. ಬಿಗಿಯುವ ಅಳತೆ ಮಾಮೂಲಿ ಟ್ಯಾಪೆಟ್ ಕವರಿಗೆ 2 ಪೌಂಡ್-ಅಡಿ (2.7 ನ್ಯೂಟನ್ ಮೀಟರ್), ಆಳವಾಗಿ ಒತ್ತಿದ ಮಾದರಿಗೆ 5. ರಾಕರ್ ಕವರಿಗೆ 4, ಸಂಪ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಬೋಲ್ಟಿಗೆ 6. ದೊಡ್ಡ ಟಾರ್ಕ್ ರೆಂಚ್ ಇಷ್ಟು ಕಡಿಮೆ ಅಳತೆಯನ್ನು ಸರಿಯಾಗಿ ತೋರಿಸುವುದಿಲ್ಲ, ಕಾಲಿಂಚು ಡ್ರೈವ್‌ನ ಸಣ್ಣದು ಬೇಕು.

ಹೊಸ ಗ್ಯಾಸ್ಕೆಟ್ಟೂ ಸೋರಿದರೆ ಬ್ರೀದರ್ (ಎಂಜಿನ್ ಒಳಗಿನ ಗಾಳಿ ಹೊರಹೋಗುವ ದಾರಿ) ಕಟ್ಟಿರಬಹುದು. ಮುಂದಿನ ಟ್ಯಾಪೆಟ್ ಕವರಿನ ಡಬ್ಬಿಯೊಳಗೆ ತಂತಿ ಜಾಲರಿ ಇದೆ. ಮಸಿ ತುಂಬಿ ಅದು ಕಟ್ಟಿಕೊಂಡರೆ ಒಳಗಿನ ಗಾಳಿಗೆ ದಾರಿಯಿಲ್ಲದೆ, ಸಿಕ್ಕ ಸಂದಿಯಿಂದ ಆಯಿಲನ್ನು ದಬ್ಬುತ್ತದೆ. ಡಬ್ಬಿಯನ್ನು ಪೆಟ್ರೋಲಿನಲ್ಲಿ ನೆನೆಸಿ, ಗಾಳಿ ಊದಿ, ಕಾರ್ಬುರೇಟರಿಗೆ ಹೋಗುವ ರಬ್ಬರ್ ಪೈಪ್ ಬದಲಿಸಿ. ಪರೀಕ್ಷೆ ಸುಲಭ: ಎಂಜಿನ್ ಐಡಲ್‌ನಲ್ಲಿ (ನಿಂತಲ್ಲೇ ನಿಧಾನವಾಗಿ) ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಇಡಿ. ಮೆಲ್ಲಗೆ ಒಳಕ್ಕೆ ಎಳೆದರೆ ಸರಿ. ಉಬ್ಬಿ ಹೊಗೆ ಬಂದರೆ ಕಂಪ್ರೆಷನ್ ಟೆಸ್ಟ್ (ಸಿಲಿಂಡರಿನ ಒತ್ತಡ ಅಳೆಯುವ ಪರೀಕ್ಷೆ) ಮಾಡಿಸಿ. ಪಿಸ್ಟನ್ ರಿಂಗ್ ಸವೆದಿದ್ದರೆ ಯಾವ ಸೀಲೂ ನಿಲ್ಲದು.

ಇಷ್ಟಾದರೂ ಡೈ ಬೆಲ್ ಹೌಸಿಂಗ್ ಒಳಗಿನಿಂದಲೇ ಬಂದರೆ ಎಂಜಿನ್ ಇಳಿಸಿ. ಹಿಂಬದಿಯ ಸೀಲಿನ ತುಟಿ ಕ್ರ್ಯಾಂಕ್ (ಎಂಜಿನ್ನಿನ ತಿರುಗುವ ಮುಖ್ಯ ದಂಡ) ಮೇಲೆ ಗೆರೆ ಕೊರೆದಿದ್ದರೆ, ಹೊಸ ಸೀಲನ್ನು ಸ್ವಲ್ಪ ಒಳಗೋ ಹೊರಗೋ ಕೂರಿಸಿ ಸವೆಯದ ಜಾಗಕ್ಕೆ ತುಟಿ ತಾಗುವಂತೆ ಮಾಡಿ. ತುಟಿಗೆ ಆಯಿಲ್ ಸವರದೆ ಹಾಕಿದರೆ ಮೊದಲ ಸ್ಟಾರ್ಟಿನಲ್ಲೇ ಸುಡುತ್ತದೆ. ಫ್ಲೈವೀಲ್ ಬೋಲ್ಟ್ 40 ಪೌಂಡ್-ಅಡಿ. ಕ್ಲಚ್ ಪ್ಲೇಟ್, ಕಾರ್ಬನ್ ರಿಲೀಸ್ ಬೇರಿಂಗ್ ಅದೇ ಸಮಯದಲ್ಲಿ ಬದಲಿಸುವುದು ಜಾಣತನ.

ಪ್ರಶ್ನೆ: ಲೀಕ್ ನಿಲ್ಲಿಸುವ ದ್ರಾವಣ ಹಾಕಬಹುದೇ?

ಉತ್ತರ: ಬೇಡ. ಅದು ರಬ್ಬರನ್ನು ಉಬ್ಬಿಸಬಲ್ಲದು, ಕಾರ್ಕಿಗೆ ಏನೂ ಮಾಡದು.

ಪ್ರಶ್ನೆ: ಮೈಸೂರಿನಲ್ಲಿ ನನ್ನ ಹಳೇ ಪೆಟ್ರೋಲ್ ಅಂಬಾಸಿಡರ್ ಇದೆ. ಅದರದೂ ಇದೇ ಎಂಜಿನ್ನಂತೆ, ಸೀಲ್ ಸಿಗುತ್ತದೆಯೇ?

ಉತ್ತರ: ಅದೇ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ-ಸೀರೀಸ್ ವಂಶ. ಆದರೆ ನಿಮ್ಮದು 1489 ಸಿಸಿಯ ಮೂರು ಬೇರಿಂಗ್ ಎಂಜಿನ್, ಎಂಜಿಬಿಯದು 1798 ಸಿಸಿಯ ಐದು ಬೇರಿಂಗಿನದು. ನಿಮ್ಮದರಲ್ಲಿ ಹಿಂದೆ ರಬ್ಬರ್ ಸೀಲೇ ಇಲ್ಲ. ಕ್ರ್ಯಾಂಕ್ ಮೇಲಿನ ಸುರುಳಿ ಗೆರೆ ತಿರುಗುತ್ತಾ ಆಯಿಲನ್ನು ಒಳಕ್ಕೆ ತಳ್ಳುತ್ತದೆ. ನಿಂತಾಗ ಆ ಕೆಲಸ ನಿಲ್ಲುತ್ತದೆ. ನಾಲ್ಕು ಹನಿ ಬಿದ್ದರೆ ಚಿಂತೆಯಿಲ್ಲ. ಡಿಪ್‌ಸ್ಟಿಕ್‌ನ ಮೇಲಿನ ಗುರುತು ದಾಟದಂತೆ ಆಯಿಲ್ ಹಾಕಿ, ಇಳಿಜಾರಿನಲ್ಲಿ ನಿಲ್ಲಿಸುವುದಾದರೆ ಮೂತಿ ಕೆಳಮುಖವಾಗಿರಲಿ. ಕ್ಲಚ್ ಜಾರತೊಡಗಿದರೆ ಮಾತ್ರ ಬಿಚ್ಚಿಸಿ.