ಅಜ್ಜ ತಂದ ಬೆಳ್ಳಿ ನಾಣ್ಯಕ್ಕೆ ಈಗ ಎಷ್ಟು ಬೆಲೆ?

ಪ್ರಶ್ನೆ: ಅಜ್ಜ ಏಡನ್‌ನಿಂದ ತಂದಿಟ್ಟ ಮೂರು ದೊಡ್ಡ ಬೆಳ್ಳಿ ನಾಣ್ಯಗಳಿವೆ. ಒಂದು ಬದಿ ತುಂಬು ಮೈಯ ರಾಣಿ, ಇನ್ನೊಂದು ಬದಿ ಎರಡು ತಲೆಯ ಹದ್ದು, ಇಸವಿ 1780. ಒಬ್ಬರು ಲಕ್ಷ ಬರುತ್ತದೆ ಎನ್ನುತ್ತಾರೆ, ಅಕ್ಕಸಾಲಿಗರು ಬೆಳ್ಳಿಯ ಬೆಲೆ ಮಾತ್ರ ಎನ್ನುತ್ತಾರೆ. ಯಾರನ್ನು ನಂಬಲಿ?
– ಓದುಗರು, ಬದಿಯಡ್ಕ

ಉತ್ತರ: ಅಕ್ಕಸಾಲಿಗರನ್ನು. ಇದು ಆಸ್ಟ್ರಿಯದ ಮರಿಯಾ ತೆರೇಸಾ ಥೇಲರ್. ರಾಣಿ ತೀರಿಕೊಂಡದ್ದು 1780ರಲ್ಲಿ. ಅರಬ್ ನಾಡಿನ ವ್ಯಾಪಾರಿಗಳಿಗೆ ಆ ಮುಖದ ನಾಣ್ಯದ ಮೇಲೆ ಎಷ್ಟು ನಂಬಿಕೆಯೆಂದರೆ, ಆಮೇಲೂ ಅದೇ ಇಸವಿ ಹಾಕಿ ಟಂಕಿಸುತ್ತಲೇ ಹೋದರು. 1940–41ರಲ್ಲಿ ಮುಂಬಯಿ ಟಂಕಸಾಲೆಯಲ್ಲೂ ಟಂಕಿಸಿದ್ದಾರೆ. ಗಲ್ಫಿನ ನಂಟಿರುವ ನಮ್ಮ ಕಡೆಯ ಮನೆಗಳಲ್ಲಿ ಸಿಗುವುದು ಬಹುಪಾಲು ಇಂಥ ಮರುಟಂಕಗಳೇ.

ಹಾಗೆಂದು ಅಗ್ಗಕ್ಕೆ ಕೊಡಬೇಡಿ. ಅಸಲಿ ತೂಕ 28.07 ಗ್ರಾಂ, ಅದರಲ್ಲಿ ಅಪ್ಪಟ ಬೆಳ್ಳಿ 23.4 ಗ್ರಾಂ. 2025ರ ಅಕ್ಟೋಬರಿನಲ್ಲಿ ಬೆಳ್ಳಿ ಔನ್ಸಿಗೆ 50 ಡಾಲರ್ ದಾಟಿದ ಮೇಲಂತೂ ಸಾಮಾನ್ಯ ಬೆಳ್ಳಿ ನಾಣ್ಯಗಳ ದರ ಲೋಹದ ದರದ ಬೆನ್ನಿಗೇ ಓಡುತ್ತಿದೆ. ಮಾರುವ ದಿನದ ಗ್ರಾಂ ದರವನ್ನು 23.4ರಿಂದ ಗುಣಿಸಿ ಇಟ್ಟುಕೊಂಡೇ ಅಂಗಡಿಗೆ ಹೋಗಿ.

ಅಸಲಿಯೇ ಎಂದು ಮನೆಯಲ್ಲೇ ನೋಡಬಹುದು. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು. ಪ್ಲಾಸ್ಟಿಕ್ ಲೋಟದಲ್ಲಿ ನೀರು ಹಾಕಿ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ಹೊಲಿಗೆ ನೂಲಿನಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕಾಗಲಿ ಬದಿಗಾಗಲಿ ತಾಗಕೂಡದು; ತಳಕ್ಕೆ ತಾಗಿದರೆ ನಾಣ್ಯದ ಭಾರವೂ ಸೇರಿ ಅಂಕೆ ಒಮ್ಮೆಲೇ ಜಿಗಿಯುತ್ತದೆ. ಮೈಗೆ ಗುಳ್ಳೆ ಅಂಟಿದ್ದರೂ ಲೆಕ್ಕ ತಪ್ಪುತ್ತದೆ, ನೂಲನ್ನು ಮೆಲ್ಲನೆ ಅಲುಗಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕವನ್ನು, ಅದು 2.75 ಗ್ರಾಂ ಆಸುಪಾಸು ಇರಬೇಕು. 3 ದಾಟಿದರೆ ತಾಮ್ರ, ನಿಕಲ್ ಅಥವಾ ಹಿತ್ತಾಳೆಗೆ ಬೆಳ್ಳಿ ಲೇಪಿಸಿದ್ದಿರಬಹುದು. ಸೀಸ ಬೆರೆಸಿ ತೂಕ ಸರಿದೂಗಿಸಿದ ನಕಲಿಯೂ ಉಂಟು, ಅದಕ್ಕೇ ಅಂಚನ್ನೂ ನೋಡಿ: ಅಸಲಿಯಲ್ಲಿ ‘ಯುಸ್ಟಿಟಿಯಾ ಎಟ್ ಕ್ಲೆಮೆಂಟಿಯಾ’ ಎಂಬ ಉಬ್ಬಕ್ಷರಗಳು ಸುತ್ತಲೂ ಸ್ಪಷ್ಟವಾಗಿರುತ್ತವೆ. ಎರಕ ಹೊಯ್ದ ನಕಲಿಯಲ್ಲಿ ಜೋಡಣೆಯ ಗೆರೆ ಕಾಣುತ್ತದೆ.

ಸರಕ್ಕೆ ಕಟ್ಟಲು ಕೊಂಡಿ ಬೆಸೆದಿದ್ದ ಗುರುತಿದ್ದರೆ ಸಂಗ್ರಾಹಕರು ದೂರ ಸರಿಯುತ್ತಾರೆ, ಆಗ ಲೋಹದ ಬೆಲೆಯಷ್ಟೇ. ದಯವಿಟ್ಟು ವಿಭೂತಿಯಿಂದಲೋ ಟೂತ್‌ಪೇಸ್ಟಿನಿಂದಲೋ ತಿಕ್ಕಬೇಡಿ. ಆ ಸೂಕ್ಷ್ಮ ಗೀರುಗಳು ಎಂದಿಗೂ ಹೋಗುವುದಿಲ್ಲ.

ಪ್ರಶ್ನೆ: ಗಲ್ಫಿನಿಂದ ಬಂದವರು ಬಿಟ್ಟುಹೋದ ಚಿಲ್ಲರೆ ಒಂದು ಡಬ್ಬಿ ತುಂಬ ಇದೆ. ಬೆಲೆಬಾಳುವುದನ್ನು ಆರಿಸುವುದು ಹೇಗೆ?
– ಓದುಗರು, ಉಪ್ಪಳ

ಉತ್ತರ: ಈಗಿನ ದಿರ್ಹಮ್, ಹಲಾಲ, ಫಿಲ್ಸ್‌ಗಳನ್ನು ಅಲ್ಲಿಗೆ ಹೋಗುವವರ ಕೈಗೆ ಕೊಡಿ, ಮುಖಬೆಲೆಗಿಂತ ಹೆಚ್ಚೇನೂ ಬಾರದು. ಹುಡುಕಬೇಕಾದದ್ದು ಈಗಿಲ್ಲದ ಆಡಳಿತಗಳ ಹೆಸರು. ಕತಾರ್ ಮತ್ತು ದುಬಾಯಿ ಒಟ್ಟಾಗಿ ಹೊರಡಿಸಿದ, ಜಿಂಕೆಯ ಚಿತ್ರವಿರುವ 1966ರ ನಾಣ್ಯಗಳು ಒಂದು. ‘ಮಸ್ಕತ್ ಮತ್ತು ಒಮಾನ್’ ಎಂದಿರುವ, ಹಿಜರಿ 1390ರ (ಕ್ರಿ.ಶ. 1970) ಬೈಸಾಗಳು ಇನ್ನೊಂದು. ಅರಬಿ ಬಾರದಿದ್ದರೆ ಮದ್ರಸದಲ್ಲಿ ಕಲಿತ ನೆರೆಯವರಿಗೆ ತೋರಿಸಿ, ಕ್ಷಣದಲ್ಲಿ ಓದಿ ಹೇಳುತ್ತಾರೆ. ಇವಕ್ಕೂ ಒಳ್ಳೆಯ ದರ ಸಿಗುವುದು ಟಂಕಸಾಲೆಯ ಹೊಳಪು ಉಳಿದಿದ್ದರೆ. ನಾಣ್ಯ ಪರೀಕ್ಷಿಸುವ ಎನ್‌ಜಿಸಿ, ಪಿಸಿಜಿಎಸ್‌ನಂಥ ಅಮೆರಿಕದ ಸಂಸ್ಥೆಗಳಿಂದ 1ರಿಂದ 70ರ ಅಳತೆಯಲ್ಲಿ ದರ್ಜೆ ಹಾಕಿಸಿ, ಮುಚ್ಚಿದ ಡಬ್ಬಿಯಲ್ಲಿಟ್ಟು ಮಾರುವುದು ಈಗಿನ ರೂಢಿ. ಆದರೆ ಸವೆದ ಚಿಲ್ಲರೆಗೆ ಆ ಶುಲ್ಕವೇ ನಾಣ್ಯಕ್ಕಿಂತ ದುಬಾರಿ.

ಪ್ರಶ್ನೆ: ಅಮೆರಿಕ ಒಂದು ಸೆಂಟ್ ಟಂಕಿಸುವುದನ್ನು ನಿಲ್ಲಿಸಿತಂತೆ. ಕೂಡಿಟ್ಟರೆ ಲಾಭವೇ?
– ಓದುಗರು, ನೀರ್ಚಾಲು

ಉತ್ತರ: ಇಲ್ಲ. ಚಲಾವಣೆಯ ಸೆಂಟ್ ನಿಂತದ್ದು 2025ರ ನವೆಂಬರಿನಲ್ಲಿ, ನಿಜ. ಆದರೆ ಸಾವಿರಾರು ಕೋಟಿ ಸೆಂಟ್‌ಗಳು ಜನರ ಬಳಿ ಉಳಿದಿವೆ. 1943ರದ್ದು ಸಿಕ್ಕಿದರೆ ಮಾತ್ರ ಆಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಆ ವರ್ಷದ ಸಾಮಾನ್ಯ ಉಕ್ಕಿನ ಸೆಂಟ್ ಅಥವಾ ಅದಕ್ಕೇ ತಾಮ್ರ ಲೇಪಿಸಿದ್ದು; ಬೆಲೆಬಾಳುವ ಅಪರೂಪದ ತಾಮ್ರದ ಸೆಂಟ್ ಅಂಟುವುದಿಲ್ಲ.

ಪ್ರಶ್ನೆ: ಆಲ್ಬಮಿನಲ್ಲಿಟ್ಟ ನಾಣ್ಯಗಳ ಮೇಲೆ ಹಸಿರು ಲೋಳೆ ಕೂತಿದೆ.
– ಓದುಗರು, ಮಂಜೇಶ್ವರ

ಉತ್ತರ: ತಪ್ಪು ಆಲ್ಬಮಿನದು. ಮೆತ್ತಗಿನ, ರೆಕ್ಸಿನ್ ವಾಸನೆಯ ಪಿವಿಸಿ ಹಾಳೆ ಕಾಲಕ್ರಮೇಣ ಆಮ್ಲ ಬಿಡುತ್ತದೆ, ಅದು ತಾಮ್ರವನ್ನು ತಿನ್ನುತ್ತದೆ. ಕಡಲ ದಂಡೆಯ ಸೆಕೆ, ತೇವಕ್ಕೆ ಇನ್ನೂ ಬೇಗ. ಶುದ್ಧ ಅಸಿಟೋನ್ ತನ್ನಿ. ಉಗುರಿನ ಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ, ಸುಗಂಧ ಇರುವುದರಿಂದ ಅದು ಬೇಡ. ಕಿಟಕಿ ತೆರೆದು, ಒಲೆಯಿಂದ ದೂರ ಕುಳಿತು, ಗಾಜಿನ ಬಟ್ಟಲಲ್ಲಿ 5 ನಿಮಿಷ ಮುಳುಗಿಸಿ. ಮತ್ತೆ ಹೊಸ ಅಸಿಟೋನ್‌ನಲ್ಲಿ ಅದ್ದಿ ತೆಗೆದು, ಒರೆಸದೆ ಗಾಳಿಗೆ ಒಣಗಲು ಬಿಡಿ. ಬಣ್ಣ ಹಚ್ಚಿದ ಸ್ಮರಣಾರ್ಥ ನಾಣ್ಯಗಳಿಗೆ ಇದು ಸಲ್ಲದು. ಗಟ್ಟಿ ಹಸಿರು ಹಕ್ಕಳೆಯಾಗಿದ್ದರೆ ಅಸಿಟೋನಿಗೆ ಬಗ್ಗುವುದಿಲ್ಲ, ಕೆರೆಯಲೂ ಹೋಗಬೇಡಿ. ಇನ್ನು ಮುಂದೆ ಮೈಲಾರ್ ಎಂಬ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಹಾಳೆಯಲ್ಲಿಟ್ಟು, ಬಿಗಿ ಮುಚ್ಚಳದ ಪೆಟ್ಟಿಗೆಗೆ ಸಿಲಿಕಾ ಜೆಲ್ ಹಾಕಿ. ಮಳೆಗಾಲದಲ್ಲಿ ಆಗಾಗ ಬದಲಿಸಿ.

ಪ್ರಶ್ನೆ: ಹಳೆ ನಾಣ್ಯಕ್ಕೆ ರಿಸರ್ವ್ ಬ್ಯಾಂಕ್ 12 ಲಕ್ಷ ಕೊಡುತ್ತದೆ, ಮೊದಲು ನೋಂದಣಿಗೆ 2,500 ಕಟ್ಟಿ ಎಂದು ಫೋನ್ ಬಂತು.
– ಓದುಗರು, ಪೆರ್ಲ

ಉತ್ತರ: ಕಟ್ಟಬೇಡಿ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಪ್ರಕಟಿಸಿದೆ. ವಿದೇಶದ ಗಿರಾಕಿ ಅಂಚೆಯಲ್ಲಿ ಕಳಿಸಿ ಎಂದರೂ ಎಚ್ಚರ: 1972ರ ಪುರಾವಸ್ತು ಕಾಯಿದೆಯಂತೆ 100 ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ.