ಎರೆಮಣ್ಣು ತೆಗೆಸಬೇಡಿ

ಪ್ರಶ್ನೆ: ನಮಸ್ಕಾರ ಸರ್. ಗದಗ-ಬೆಟಗೇರಿಯಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಹಿತ್ತಲಲ್ಲಿ ಬರೀ ಎರೆಮಣ್ಣು. ಮಳೆಗಾಲದಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು. ನರ್ಸರಿಯಿಂದ ತಂದ ಟೊಮೆಟೊ ಮಳೆಗೆ ಸೊರಗಿ ಸತ್ತಿತು, ಗುಲಾಬಿಯ ಚಿಗುರೆಲ್ಲ ಹಳದಿ. ಮಣ್ಣು ತೆಗೆಸಿ ಎರಡು ಟ್ರ್ಯಾಕ್ಟರ್ ಕೆಂಪು ಮಣ್ಣು ಹಾಕಿಸಿ ಅಂತ ಎಲ್ಲರೂ ಹೇಳುತ್ತಾರೆ. ಹಾಕಿಸಲಾ?

ಉತ್ತರ: ಬೇಡ ಅಕ್ಕಾ, ಆ ದುಡ್ಡು ಉಳಿಸಿ. ಎರೆಮಣ್ಣು ನೀರು ಹಿಡಿದಿಟ್ಟುಕೊಳ್ಳುವ ಮಣ್ಣು, ಹಿಂಗಾರಿನಲ್ಲಿ ನಮ್ಮ ಕಡೆ ಜೋಳ, ಕಡಲೆ ಬೆಳೆಯುವುದೇ ಆ ತೇವದ ಮೇಲೆ ಅಲ್ವಾ? ಟೊಮೆಟೊ ಸತ್ತಿದ್ದು ಬಹುಶಃ ಬೇರಿನ ಹತ್ತಿರ ನೀರು ನಿಂತು ಗಾಳಿ ಆಡದೆ. ಒಂದಡಿ ಎತ್ತರದ ಮಡಿ ಮಾಡಿ, ನಡುವೆ ನೀರು ಹರಿಯಲು ಕಾಲುವೆ ಬಿಡಿ, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಧಾರಾಳವಾಗಿ ಸೇರಿಸಿ. ಕಟ್ಟಡದ ಸಿಮೆಂಟ್, ಸುಣ್ಣದ ಚೂರು ಉಳಿದಿದ್ದರೆ ಮೊದಲು ಆರಿಸಿ ತೆಗೆಯಿರಿ.

ಹಸಿಯಿದ್ದಾಗ ಮಾತ್ರ ಅಗೆಯಬೇಡಿ, ತುಳಿಯಲೂ ಬೇಡಿ, ಒಣಗಿದ ಮೇಲೆ ಕಲ್ಲಿನಂಥ ಹೆಂಟೆ ಆಗುತ್ತದೆ. ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಒತ್ತಿ ನೋಡಿ. ಬೆರಳು ತಾಗಿಸಿದಾಗ ಉಂಡೆ ಪುಡಿಯಾದರೆ ಹದ ಬಂದಿದೆ. ಅಂಟಿದರೆ ಇನ್ನೆರಡು ದಿನ ತಡೆಯಿರಿ.

ಗುಲಾಬಿಯ ಚಿಗುರಲ್ಲಿ ನರ ಹಸಿರಿದ್ದು ನಡುವೆ ಹಳದಿಯಿದ್ದರೆ ಅದು ಕಬ್ಬಿಣದ ಕೊರತೆ. ಎರೆಮಣ್ಣಿನಲ್ಲಿ ಸಾಮಾನ್ಯವಾಗಿ ಸುಣ್ಣದ ಅಂಶ ಜಾಸ್ತಿ, ಹಾಗಾಗಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ನಿಂಬೆಉಪ್ಪು ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಒಲೆಯ ಬೂದಿಯನ್ನು ಗಿಡದ ಬುಡಕ್ಕೆ ಸುರಿಯುವ ರೂಢಿ ಇದ್ದರೆ ನಿಲ್ಲಿಸಿ, ಅದರಿಂದ ಈ ತೊಂದರೆ ಇನ್ನೂ ಹೆಚ್ಚುತ್ತದೆ.

ಏನು ಹಾಕಬೇಕು? ಮುಂಗಾರಿಗೆ ಬೆಂಡೆ, ಚವಳಿ (ಗೋರಿಕಾಯಿ), ಮುಳಗಾಯಿ (ಬದನೆ), ಪುಂಡಿ. ಬ್ಯಾಡಗಿ ಮೆಣಸಿನ ನಾಲ್ಕು ಗಿಡ ಇರಲಿ, ಬಣ್ಣ ಚೆಂದ, ಖಾರ ಕಡಿಮೆ, ಎರೆಮಣ್ಣಿಗೆ ಒಗ್ಗುವ ಗಿಡ. ಹಿಂಗಾರಿಗೆ ಮೆಂತ್ಯೆ, ಕೊತ್ತಂಬರಿ, ಮೂಲಂಗಿ. ಆದರೆ ನನ್ನ ಮಾತು ಕೇಳುವುದಾದರೆ ಅಕ್ಟೋಬರಿನಲ್ಲಿ ಒಂದು ಮಡಿ ಕಡಲೆ ಬಿತ್ತಿ. ಒಂದು ತಿಂಗಳಿಗೆ ತುದಿ ಚಿವುಟಲು ಬರುತ್ತದೆ, ಚಿವುಟಿದಷ್ಟೂ ಪಕ್ಕಕ್ಕೆ ಕವಲೊಡೆಯುತ್ತದೆ. ಬೆಳಗ್ಗೆ ಚಿವುಟಿದರೆ ಬೆರಳೆಲ್ಲ ಹುಳಿ ಹುಳಿ, ಎಲೆಯ ಸಣ್ಣ ರೋಮಗಳಲ್ಲಿ ಆಮ್ಲ ಇರುತ್ತದೆ, ಪಲ್ಯಕ್ಕೆ ಆ ರುಚಿ ಬರುವುದೇ ಅದರಿಂದ. ನೀರು ಮಾತ್ರ ಸುಮ್ನೆ ಸುಮ್ನೆ ಹಾಕಬೇಡಿ, ಬೇರು ಕೊಳೆಯುತ್ತದೆ.

ಪ್ರಶ್ನೆ: ನಾವು ಹುಬ್ಬಳ್ಳಿಯವರು. ನಲ್ಲಿ ನೀರು ದಿನಾ ಬರುವುದಿಲ್ಲ. ಬೇಸಿಗೆಯಲ್ಲಿ ತಡೆಯುವ ಗಿಡ ಯಾವುದು?

ಉತ್ತರ: ನುಗ್ಗೆ, ಕರಿಬೇವು ಬೇರು ಬಿಟ್ಟ ಮೇಲೆ ಕಡಿಮೆ ನೀರಿನಲ್ಲೇ ತಡೆಯುತ್ತವೆ. ತರಕಾರಿಯಲ್ಲಿ ಚವಳಿ ಗಟ್ಟಿ. ಬುಡಕ್ಕೆ ಒಣ ಎಲೆ, ಕಬ್ಬಿನ ರವದಿ ದಪ್ಪಗೆ ಹೊದಿಸಿ, ಎರೆಮಣ್ಣಾದರೆ ಬಿರುಕೂ ಕಡಿಮೆ ಆಗುತ್ತದೆ. ಅಕ್ಕಿ, ತರಕಾರಿ ತೊಳೆದ ನೀರು ಗಿಡಕ್ಕೇ ಹೋಗಲಿ, ಸೋಪಿನ ನೀರು ಬೇಡ.