ವರದಿಯಲ್ಲಿ ಕಾಣದ ನೋವಿಗೆ ಆನ್‌ಲೈನ್ ಚಿಕಿತ್ಸೆಯೇ?

ಪ್ರಶ್ನೆ: ಬಹಳ ದಿನಗಳಿಂದ ನನಗೆ ಬೆನ್ನುನೋವು, ಎದೆಯುರಿ, ವಿಪರೀತ ಸುಸ್ತು. ರಾಯಚೂರು, ಬಳ್ಳಾರಿಗಳಲ್ಲಿ ಮಾಡಿಸಿದ ಸ್ಕ್ಯಾನಿಂಗ್, ರಕ್ತಪರೀಕ್ಷೆಗಳಲ್ಲಿ ಏನೂ ಸಿಕ್ಕಿಲ್ಲ. ಈಗ ವೈದ್ಯರು ಆನ್‌ಲೈನ್ ಮನೋಚಿಕಿತ್ಸೆ ಪಡೆಯಿರಿ ಎನ್ನುತ್ತಾರೆ. ಹಾಗಾದರೆ ನನ್ನ ನೋವು ಸುಳ್ಳೇ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಖಂಡಿತ ಸುಳ್ಳಲ್ಲ. ಸ್ಕ್ಯಾನಿಂಗ್ ಅಂಗಗಳ ರಚನೆಯನ್ನು ತೋರಿಸುತ್ತದೆಯೇ ಹೊರತು, ನರಮಂಡಲವು ನೋವಿನ ಸಂಕೇತವನ್ನು ಎಷ್ಟು ಹಿಗ್ಗಿಸುತ್ತಿದೆ ಎಂಬುದನ್ನಲ್ಲ. ನೋವಿಗೆ ಹೆದರಿ ಓಡಾಟ ಬಿಟ್ಟರೆ ಸ್ನಾಯುಗಳು ಸೊರಗುತ್ತವೆ, ನಿದ್ದೆ ಕೆಡುತ್ತದೆ, ಗಮನವೆಲ್ಲ ನೋವಿನ ಮೇಲೆಯೇ ನಿಲ್ಲುತ್ತದೆ; ಇದರಿಂದ ನೋವು ಮತ್ತಷ್ಟು ಹೆಚ್ಚುತ್ತದೆ. ಸಿಬಿಟಿ ಎಂದು ಕರೆಯುವ, ಯೋಚನೆ ಮತ್ತು ನಡವಳಿಕೆಯ ರೂಢಿಗಳನ್ನು ಬದಲಿಸಲು ಕಲಿಸುವ ಮನೋಚಿಕಿತ್ಸೆಯು ಈ ಸುತ್ತನ್ನು ಸಡಿಲಿಸುತ್ತದೆ. ಉದಾಹರಣೆಗೆ, ಆರಾಮವೆನಿಸಿದ ದಿನ ಭತ್ತದ ಗದ್ದೆಯಲ್ಲಿ ಸಂಜೆಯವರೆಗೆ ದುಡಿದು ಮರುದಿನ ಹಾಸಿಗೆ ಹಿಡಿಯುವ ಬದಲು, ನೋವಿರಲಿ ಬಿಡಲಿ ದಿನವೂ ಹತ್ತು ನಿಮಿಷ ನಡೆದು, ಅದನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುವುದನ್ನು ಚಿಕಿತ್ಸಕರು ಅಭ್ಯಾಸ ಮಾಡಿಸುತ್ತಾರೆ. ಇಂಟರ್ನೆಟ್ ಮೂಲಕ ಪಡೆದಾಗಲೂ ಇದು ಹಲವರಿಗೆ ಉಪಯೋಗವಾಗಿದೆ; ಆದರೆ ಬರೀ ಆ್ಯಪ್ ಹಾಕಿಕೊಂಡರೆ ಸಾಲದು, ವಿಚಾರಿಸಿಕೊಳ್ಳುವ ಚಿಕಿತ್ಸಕರೊಬ್ಬರು ಇರಲೇಬೇಕೆಂಬುದು ನನ್ನ ಅಭಿಪ್ರಾಯ. (ಚಿಕಿತ್ಸಕರೊಂದಿಗೆ ಮನಬಿಚ್ಚಿ ಮಾತನಾಡಲು ಏಕಾಂತ ಬೇಕು; ಮನೆಮಂದಿ ಕುಳಿತ ಪಡಸಾಲೆಯಲ್ಲಿ ಸ್ಪೀಕರ್ ಹಾಕಿ ಮಾತನಾಡಬೇಡಿ.) 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉಚಿತ ಸಲಹೆ ದೊರೆಯುತ್ತದೆ. ಆದರೆ ತೂಕ ಇಳಿಯುವುದು, ಜ್ವರ, ಕಾಲು ಮರಗಟ್ಟುವುದು ಹೊಸದಾಗಿ ಕಂಡರೆ, ಮೊದಲು ವೈದ್ಯರನ್ನು ನೇರವಾಗಿ ಕಾಣಿರಿ.